ಮುಟ್ಟಾಳೆಯೊಳಗಿನ ಇದ್ದಿಲು

೬-೧೨-೧೯೬೨, ಗುರುವಾರ. ಬೆಳ್ತಂಗಡಿ

ಬೆಳಿಗ್ಗೆ ಹತ್ತು ಗಂಟೆಗೆ ಇನ್ನೂ ಸ್ವಲ್ಪ ಹೊತ್ತು ಇರುವಾಗ ಆಕಾಶ ಗುಡುಗಿತು. ಮೋಡದ ಸುಳಿವೇ ಇಲ್ಲ. ಒಂದರ ಹಿಂದೆ ಒಂದರಂತೆ ಮೂರು ಸಲ, ಜಾತ್ರೆಯ ಗರ್ನಾಲು ಸಿಡಿದ ಹಾಗೆ. ಕಿಟಕಿಯ ಬಾಗಿಲುಗಳು ಅದುರಿದವು.

ಹೆಡ್ಮಾಸ್ಟರರು ಸೀಟಿ ಊದಿದರು. ಚೀನಾದವರು ಗುಂಡು ನಿಲ್ಲಿಸಿ ಹದಿನೈದು ದಿನವಾಯಿತು ಎಂದು ಅವರೇ ಪ್ರಾರ್ಥನೆಯ ಹೊತ್ತಿಗೆ ಪತ್ರಿಕೆ ಓದಿ ಹೇಳಿದ್ದರು. ಆದರೂ ಮಕ್ಕಳನ್ನೆಲ್ಲ ಬೆಂಚಿನಡಿಗೆ ನುಗ್ಗಿಸಿ ತಾವು ಮೇಜಿನ ಕೆಳಗೆ ಕುಳಿತರು. ಪೀಕಿಂಗಿನಿಂದ ಹೊರಟವನು ದೆಹಲಿ ಬಿಟ್ಟು, ಕಲ್ಕತ್ತೆ ಬಿಟ್ಟು, ಬೆಳ್ತಂಗಡಿ ತಾಲೂಕಿಗೆ ಬಾಂಬು ಹಾಕಲು ಬರುತ್ತಾನಂತೆ! ಇಲ್ಲಿ ಹಾಕಿ ಹಾಳು ಮಾಡಲು ಏನಿದೆ? ನಾನು ಕರಿಹಲಗೆಯ ಮುಂದೆ ನಿಂತೇ ಇದ್ದೆ. ಹನ್ನೊಂದು ವರ್ಷದಿಂದ ಈ ಮುಟ್ಟಾಳರ ನಡುವೆ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಇನ್ನು ಇಪ್ಪತ್ತು ವರ್ಷ ಹೇಳಿಕೊಟ್ಟರೂ ಇವರು ಬೆಂಚಿನಡಿಯಲ್ಲೇ ಇರುತ್ತಾರೆ.

ಮನೆಗೆ ಬಂದರೆ ಶಂಕರಿ ಕಾಫಿಯ ಜೊತೆಗೆ ಸುದ್ದಿಯನ್ನೂ ತಂದಳು. "ಅಳದಂಗಡಿಯ ಹತ್ತಿರ ಆಕಾಶದಿಂದ ಕಲ್ಲು ಬಿದ್ದದ್ದಂತೆ. ಹಾಲು ತರುವವಳು ಹೇಳಿದಳು."

"ಹಾಲಿಗೆ ನೀರು ಹಾಕುವವಳು ಸುದ್ದಿಗೂ ಹಾಕುತ್ತಾಳೆ" ಎಂದೆ. ಹೆಂಡತಿ ಮುಖ ಊದಿಸಿಕೊಂಡು ಒಳಗೆ ಹೋದಳು.

೭-೧೨-೧೯೬೨, ಶುಕ್ರವಾರ

ಮಧ್ಯಾಹ್ನದ ಬಿಡುವಿನಲ್ಲಿ ಟೀಚರುಗಳ ಕೋಣೆಯ ಬಾಗಿಲಲ್ಲಿ ಒಬ್ಬ ನಿಂತಿದ್ದ. ಮೊಣಕಾಲಿನ ಮೇಲೆ ಕಟ್ಟಿದ ಮುಂಡು, ಹೆಗಲಲ್ಲಿ ಮೈ ಒರಸುವ ಬೈರಾಸು. ತಲೆಯ ಮೇಲೆ ಇರಬೇಕಾದ ಮುಟ್ಟಾಳೆ, ಎಂದರೆ ಇಲ್ಲಿಯ ಗದ್ದೆ ಕೆಲಸದವರು ಹಾಕುವ ಅಡಿಕೆ ಹಾಳೆಯ ಟೊಪ್ಪಿ, ಕೈಯಲ್ಲಿತ್ತು. ಅದನ್ನು ತುಂಬಿದ ಬಟ್ಟಲು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದ. ಹೆಸರು ತುಕ್ರಪ್ಪ. ಏಳು ಮೈಲಿ ನಡೆದು ಬಂದದ್ದಂತೆ.

"ಮಾಸ್ಟ್ರೇ, ಇದೊಂದು ನೋಡ್ಬೇಕಿತ್ತು. ನಿನ್ನೆ ಶಬ್ದ ಆಯ್ತಲ್ಲ, ಆಗ ನಾನು ಗುಡ್ಡೆಯಲ್ಲಿ ಮುಳಿಹುಲ್ಲು ಕೊಯ್ತಾ ಇದ್ದೆ. ಇದು ಬಂದು ಹುಲ್ಲಿನ ಮೇಲೆ ಬಿತ್ತು. ನಾನು ಕೈಯಲ್ಲಿ ಮುಟ್ಲಿಲ್ಲ. ಎಲೆಯಲ್ಲಿ ದೂಡಿ ಹೊಸ ಮುಟ್ಟಾಳೆಗೆ ಹಾಕಿದೆ."

"ಯಾಕೆ ಮುಟ್ಟಲಿಲ್ಲ? ಕಚ್ಚುತ್ತದಾ?"

"ಏನೂಂತ ಗೊತ್ತಿಲ್ಲದ್ದನ್ನು ಮುಟ್ಟುವುದು ಹೇಗೆ? ನಿಮ್ಮಲ್ಲಿ ಕೇಳಿ ಮತ್ತೆ ಮುಟ್ಟುವ ಅಂತ."

ಕುಳಿತಲ್ಲಿಂದಲೇ ಕತ್ತು ಚಾಚಿ ನೋಡಿದೆ. ಮುಷ್ಟಿಗಾತ್ರದ ಕರಿ ಉಂಡೆ. ಅಂಚಿನಲ್ಲಿ ಪುಡಿ ಉದುರಿತ್ತು. ಉಲ್ಕೆಯ ಕಲ್ಲು ಎಂದರೆ ಕಬ್ಬಿಣ, ಭಾರ, ಅಯಸ್ಕಾಂತ ಹಿಡಿದರೆ ಅಂಟಬೇಕು. ಒಂಬತ್ತನೇ ತರಗತಿಗೆ ಪ್ರತಿ ವರ್ಷ ಬರೆಸುತ್ತೇನೆ. "ಇದ್ದಿಲು" ಎಂದೆ. "ತೆಗೆದುಕೊಂಡು ಹೋಗಿ ಇಸ್ತ್ರಿಪೆಟ್ಟಿಗೆಗೆ ಹಾಕು."

ಅವನು ಹೋಗಲಿಲ್ಲ. "ಇದ್ದಿಲಾದ್ರೆ ಯಾವ ಒಲೆಯದ್ದು ಮಾಸ್ಟ್ರೇ? ಗುಡ್ಡೆಯಲ್ಲಿ ಒಲೆ ಇಲ್ಲ. ಮೇಲೆ ಅಂತೂ ಯಾರೂ ಅಡಿಗೆ ಮಾಡುವುದಿಲ್ಲ."

ಕೋಣೆಯಲ್ಲಿ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. "ತಲೆಗೆ ಮುಟ್ಟಾಳೆ, ತಲೆಯೊಳಗೆ ಮುಟ್ಟಾಳ" ಎಂದು ನಾನು ಸೇರಿಸಿದೆ. ಕನ್ನಡ ಪಂಡಿತರು "ಶ್ಲೇಷೆ, ಶ್ಲೇಷೆ!" ಎಂದು ತೊಡೆ ತಟ್ಟಿಕೊಂಡರು. ಅವನು ಮಾತ್ರ ನಗಲಿಲ್ಲ. ಬೈರಾಸಿನಿಂದ ಮುಟ್ಟಾಳೆಯನ್ನು ಮುಚ್ಚಿ, ಬಂದ ದಾರಿಗೆ ಹೋದ. ಏಳು ಮೈಲಿ.

೯-೧೨-೧೯೬೨, ಭಾನುವಾರ

ಶಂಕರಿಯ ಕಾಟ ತಾಳಲಾರದೆ ಅಳದಂಗಡಿಗೆ ಹೋಗಿ ಬಂದೆ. ಕಲ್ಲು ಬಿದ್ದದ್ದು ನಿಜ. ಅಲ್ಲಿಂದ ಒಂದು ಮೈಲಿ ಒಳಗೆ ಲೋಕಯ್ಯ ಎಂಬವರ ಅಂಗಳದಲ್ಲಿ, ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು ದೊಡ್ಡದು. ಪಕ್ಕದಲ್ಲಿ ಒಬ್ಬ ಪೊಲೀಸು, ಕಲ್ಲು ಎದ್ದು ಓಡಿದರೆ ಹೊಡೆಯಲು ಲಾಠಿ ಎತ್ತಿಕೊಂಡು ನಿಂತಿದ್ದ. ಚೀನಾದ ಬಾಂಬಿಗೆ ಕಾವಲಂತೆ. ಬಾಂಬಿಗೆ ಅರಶಿನ ಕುಂಕುಮ ಬೇರೆ. ಹೊಳೆಯುವ ತಟ್ಟೆಯಲ್ಲಿ ಇಟ್ಟು ಸುತ್ತ ಹೂ.

ಲೋಕಯ್ಯನವರ ತಾಯಿ ಸೇಸಮ್ಮ ಕೈ ಮುಗಿದು ಹೇಳಿದರು: "ಎಳನೀರಿನ ಅಭಿಷೇಕ ಮಾಡಿದ್ದೇ ತಡ, ಕರಗ್ಲಿಕ್ಕೆ ಶುರು ಆಯ್ತು ಮಾಸ್ಟ್ರೇ. ಬೆಲ್ಲದ ಹಾಗೆ!"

ಕಲ್ಲು ಕರಗುತ್ತದೆಯೇ ಎಂದು ಬಗ್ಗಿದೆ. ಒಡೆದ ಕಡೆ ಒಳಗೆಲ್ಲ ಕಪ್ಪು, ಎಳ್ಳುಂಡೆಯಲ್ಲಿ ಕೊಬ್ಬರಿ ಚೂರು ಕಂಡ ಹಾಗೆ ಅಲ್ಲಲ್ಲಿ ಬಿಳಿ ಚುಕ್ಕಿ. ಡಾಮರಿನ ಸಣ್ಣ ವಾಸನೆ. ಕಿಸೆಯಲ್ಲಿ ತಂದಿದ್ದ ಅಯಸ್ಕಾಂತ ಹಿಡಿದರೆ ಇಷ್ಟೇ ಇಷ್ಟು ಎಳೆಯಿತು. ಆಗ ನೆನಪಾಯಿತು, ಮದರಾಸಿನ ಕಾಲೇಜು ಲೈಬ್ರರಿಯ ಒಂದು ಪುಸ್ತಕ. ಅರ್ಧ ಪುಟ ಬರೆದಿತ್ತು: ಉಲ್ಕೆಗಳಲ್ಲಿ ಬಹಳ ಅಪರೂಪದ ಒಂದು ಜಾತಿ, ಕಪ್ಪು, ಮೆತ್ತಗೆ, ನೀರು ತಾಗಿದರೆ ಪುಡಿ. ಸೂರ್ಯ ಹುಟ್ಟಿದ ಕಾಲದಿಂದ ಬೇಯದೆ, ಕರಗದೆ ಹಾಗೇ ಉಳಿದದ್ದು.

ಅಂಗಳದ ಧೂಳಿನಲ್ಲೇ ಮಂಡಿಯೂರಿ ಕುಳಿತೆ. ಇದನ್ನು ಬರೆದಿಡುತ್ತೇನೆ, ಯಾರೂ ಓದುವುದಿಲ್ಲವಲ್ಲ.

ನೀರು ತಾಗದ ಒಳಗಿನ ತುಂಡೊಂದನ್ನು ಬೇಡಿದೆ. ಸೇಸಮ್ಮ ಪ್ರಸಾದ ಕೊಟ್ಟ ಹಾಗೆ ಕೊಟ್ಟರು. ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆ. ದಾರಿಯಲ್ಲಿ, ಮೊನ್ನೆಯ ಆ ಇದ್ದಿಲೂ ಇದೇ ಆಗಿರಬಹುದೇ ಎಂಬ ಯೋಚನೆ ಬಂತು. ಬಂದ ಹಾಗೇ ಹೋಯಿತು. ಕೈಯಲ್ಲಿ ಒಳ್ಳೆಯ ತುಂಡು ಇರುವಾಗ ಅವನ ಟೊಪ್ಪಿಯ ಹಿಂದೆ ಯಾಕೆ ಹೋಗಬೇಕು?

೧೦-೧೨-೧೯೬೨, ಸೋಮವಾರ

ವೆಂಕಟೇಶ್ವರನಿಗೆ ಕಾಗದ ಬರೆದೆ. ಹನ್ನೆರಡು ವರ್ಷಗಳ ಮೇಲೆ.

ಮೂಡುಬಿದಿರೆಯವನು. ಮದರಾಸಿನಲ್ಲಿ ನನ್ನ ಕೋಣೆಯಲ್ಲೇ ಇದ್ದ. ನನ್ನ ಪ್ರಯೋಗದ ಪುಸ್ತಕ ನೋಡಿ ಬರೆದುಕೊಂಡು ಪಾಸಾದವನು. ನನಗೆ ಫಸ್ಟ್ ಕ್ಲಾಸ್, ಅವನಿಗೆ ಸೆಕೆಂಡ್. ಬಂಟ್ವಾಳದಲ್ಲಿ ಅಪ್ಪ ತೀರಿಕೊಂಡರು, ನಾನು ಓದು ಬಿಟ್ಟು ಬಂದು ಸೀಮೆಸುಣ್ಣ ಹಿಡಿದೆ. ಅವನು ಬೊಂಬಾಯಿಯ ದೊಡ್ಡ ಪ್ರಯೋಗಾಲಯದಲ್ಲಿ ಪರಮಾಣುಗಳನ್ನು ತೂಗುತ್ತಾನಂತೆ. ತೂಗಲಿ. ಕಲ್ಲು ಇರುವುದು ನನ್ನ ಹತ್ತಿರ.

೨೯-೧೨-೧೯೬೨, ಶನಿವಾರ

ಉತ್ತರ ಬಂತು. ನಾಲ್ಕು ಪುಟ, ಟೈಪು ಮಾಡಿದ್ದು. ಗೆಳೆಯನಿಗೆ ಕೈಯಲ್ಲಿ ಬರೆಯಲು ಪುರಸೊತ್ತಿಲ್ಲ.

ಅವನಿಗೆ ಕಲ್ಲಿನೊಳಗಿನ ಬೆಳ್ಳಿ ಬೇಕಂತೆ. ಬೆಳ್ಳಿ ಎಂದರೆ ಎರಡು ಬಗೆಯ ಪರಮಾಣುಗಳ ಬೆರಕೆ, ಒಂದರ ತೂಕ ನೂರೇಳು, ಇನ್ನೊಂದರದ್ದು ನೂರೊಂಬತ್ತು. ಶಂಕರಿಯ ಕಾಲುಂಗುರವಿರಲಿ, ಅರಮನೆಯ ಬೆಳ್ಳಿ ಬಾಗಿಲಿರಲಿ, ನೂರರಲ್ಲಿ ಸುಮಾರು ಐವತ್ತೆರಡು ಹಗುರದ್ದು, ನಲವತ್ತೆಂಟು ಭಾರದ್ದು. ಭೂಮಿಯ ಮೇಲೆಲ್ಲ ಇದೇ ಪ್ರಮಾಣ. ಲೋಹಗಳು ಹುಟ್ಟಿದ್ದು ನಕ್ಷತ್ರಗಳ ಹೊಟ್ಟೆಯೊಳಗೆ ಬೆಂದು, ಒಂದೊಂದು ನಕ್ಷತ್ರದ ಪಾಕ ಒಂದೊಂದು. ಸೂರ್ಯ, ಭೂಮಿ ಆಗುವ ಮೊದಲು ಅದೆಲ್ಲ ಕಲಸಿ ಒಂದಾಯಿತು ಎಂದು ತಿಳಿದವರ ಅಭಿಪ್ರಾಯ. ಸರಿಯಾಗಿ ಕಲಸಿತ್ತೇ? ಅದು ಗೊತ್ತಾಗಬೇಕಾದರೆ ಇಂಥ ಹಳೆಯ ಕರಿಕಲ್ಲು ಬೇಕು. ಇದರ ಬೆಳ್ಳಿಯ ಬೆರಕೆ ನಮ್ಮದಕ್ಕಿಂತ ಕೂದಲೆಳೆಯಷ್ಟು ಬೇರೆಯಾಗಿದ್ದರೂ ಅದು ದೊಡ್ಡ ಮಾತು.

ಇಲ್ಲಿಯವರೆಗೆ ಸರಿ. ಆಮೇಲೆ ಶುರು ಉಪದೇಶ. ಒಂದು ಗಾಡಿ ಕಲ್ಲಿನಲ್ಲಿ ನಾಲ್ಕು ಅಕ್ಕಿಕಾಳಿನಷ್ಟೂ ಬೆಳ್ಳಿ ಇರುವುದಿಲ್ಲ, ಆದ್ದರಿಂದ ಕೈಯಲ್ಲಿ ಮುಟ್ಟಬೇಡ, ಲೋಹ ತಾಗಿಸಬೇಡ, ಹೊಸ ಗಾಜಿನ ಪಾತ್ರೆಯಲ್ಲಿ ಹಾಕು, ಅದನ್ನು ಹೀಗೆ ತೊಳೆ, ಹಾಗೆ ಒಣಗಿಸು. ನನಗೆ ಬಾಟ್ಲಿ ತೊಳೆಯಲು ಕಲಿಸುತ್ತಾನೆ! ಇವನ ಪರೀಕ್ಷಾ ನಳಿಗೆಗಳನ್ನೂ ನಾನೇ ತೊಳೆದಿಡುತ್ತಿದ್ದೆ.

ಕಲ್ಲಿಗೆ ಹೆಸರು ಇಡುವುದು ಬಿದ್ದ ಜಾಗದ ಹತ್ತಿರದ ಅಂಚೆ ಕಚೇರಿಯ ಮೇಲಂತೆ. ಅದೊಂದು ಪದ್ಧತಿ. ತೆರೆಯುವುದೇ ಹನ್ನೊಂದಕ್ಕೆ, ಆ ಕಚೇರಿಗೆ ಆ ಭಾಗ್ಯ! ಆದರೆ ಜೊತೆಗೆ ಒಂದು ಫಾರಮು ಇಟ್ಟಿದ್ದಾನೆ. ಸಂಗ್ರಹಿಸಿದವರ ಹೆಸರು, ದಿನ, ಜಾಗ, ಇಟ್ಟ ಪಾತ್ರೆ. "ಕಲ್ಲು ಅಸಲಿಯಾದರೆ ವರದಿಯಲ್ಲಿ ಸಂಗ್ರಹಿಸಿದವರ ಹೆಸರು ಅಚ್ಚಾಗುತ್ತದೆ."

ಆ ಸಾಲನ್ನು ನಾಲ್ಕು ಸಲ ಓದಿದೆ. ನನಗೆ ಇದು ಬೇಕು. ಸಂಬಳ ಹೆಚ್ಚುವುದು ಬೇಡ, ಹೆಡ್ಮಾಸ್ಟರಿಕೆ ಬೇಡ. ನಾನು ಇಲ್ಲಿ ಸುಮ್ಮನೆ ಹಾಳಾಗಲಿಲ್ಲ ಎಂದು ಒಂದು ಸಾಲು ಅಚ್ಚಿನಲ್ಲಿ ಬಂದರೆ ಸಾಕು.

೨-೧-೧೯೬೩, ಬುಧವಾರ

ಕಲ್ಲು ಹೊರಟಿತು.

ಹೊಸ ಗಾಜಿನ ಪಾತ್ರೆಗೆ ಮಂಗಳೂರಿಗೆ ಹೋಗಬೇಕು. ಹೋಗಿ ಬರುವವರು ಯಾರು? ಲ್ಯಾಬಿನ ಐದನೇ ಕಪಾಟಿನಲ್ಲಿ ಗಾಜಿನ ಬಿರಡೆಯ ಒಳ್ಳೆಯ ಕಂದು ಬಾಟ್ಲಿಗಳು ಇದ್ದವು. ಚೀಟಿಗಳನ್ನು ಜಿರಳೆಗಳು ತಿಂದಿದ್ದವು. ಒಂದನ್ನು ತೆಗೆದೆ. ಬಿರಡೆ ಅಂಟಿಕೊಂಡಿತ್ತು, ಒದ್ದೆ ಕೈಯಲ್ಲಿ ತಿರುವಿ ತಿರುವಿ ಬಿಚ್ಚಿದೆ. ನಾನೇ ಮೂರು ಸಲ ತೊಳೆದೆ. ಮೊದಲ ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಯಿತು. ಅಟೆಂಡರ್ ಶುಕೂರ್ ತರುವ ಬಾವಿ ನೀರಿನ ಯೋಗ್ಯತೆ ಅಷ್ಟೇ.

ಅಬ್ದುಲ್ ಶುಕೂರ್ ಪಕ್ಕದಲ್ಲಿ ನಿಂತು ನೋಡುತ್ತಿದ್ದ. "ಸರ್, ಅದು ಕೈ ಕಪ್ಪು ಹಿಡಿಯುವ ಬಾಟ್ಲಿ ಅಲ್ವಾ?"

"ನಿನ್ನ ಕೈ ಕಪ್ಪಿರುವುದಕ್ಕೆ ಬಾಟ್ಲಿ ಏನು ಮಾಡುತ್ತದೆ? ಹೋಗಿ ಗಂಟೆ ಹೊಡೆ" ಎಂದೆ. ನಾಲ್ಕನೇ ತರಗತಿ ಓದಿದವನು ನನಗೆ ರಸಾಯನಶಾಸ್ತ್ರ ಹೇಳುತ್ತಾನೆ. ಹೋದ.

ಫಾರಮಿನಲ್ಲಿ ನನ್ನ ಹೆಸರನ್ನು ಬಿಡಿಸಿ ಬಿಡಿಸಿ ಬರೆದೆ. ಮಹಾಲಿಂಗೇಶ್ವರ, ಬಿ.ಎಸ್ಸಿ. ಪಾತ್ರೆ: ಸ್ವಚ್ಛ ಗಾಜಿನ ಬಾಟ್ಲಿ.

೩-೧-೧೯೬೩, ಗುರುವಾರ

ಬೆರಳ ತುದಿಗಳೆಲ್ಲ ಕಪ್ಪಾಗಿವೆ. ಆ ಕಲ್ಲಿನ ಮಸಿ ಇರಬೇಕು. ಸಾಬೂನಿಗೆ ಹೋಗುವುದಿಲ್ಲ.

೨೭-೧-೧೯೬೩, ಭಾನುವಾರ

ಶಂಕರಿ ಹುಣಸೆಹುಳಿ ಹಾಕಿ ಬೆರಳು ತಿಕ್ಕಿದಳು. ಲಿಂಬೆಹುಳಿಯನ್ನೂ ಹಾಕಿದಳು. ಕಪ್ಪು ಈಗ ಕಂದಾಗಿದೆ. ತರಗತಿಯಲ್ಲಿ ಹಿಂದಿನ ಬೆಂಚಿನವು ಬೆರಳು ನೋಡಿ ಕಿಸಕ್ಕೆಂದವು. ಉಲ್ಕೆ ಮುಟ್ಟಿದ ಕೈ ಎಂದು ಆ ಕತ್ತೆಗಳಿಗೆ ಯಾರು ಹೇಳಬೇಕು?

೧೪-೨-೧೯೬೩

ಕಾಗದವಿಲ್ಲ. ಪೋಸ್ಟ್‌ಮ್ಯಾನ್ ನೋಣಯ್ಯನಿಗೆ ನನ್ನ ಮನೆ ಕಂಡರೆ ಸೈಕಲಿನ ವೇಗ ಹೆಚ್ಚುತ್ತದೆ.

೪-೩-೧೯೬೩, ಸೋಮವಾರ

ಬಂತು.

"ಕಲ್ಲು ಅಸಲಿ. ನಮ್ಮ ದೇಶದಲ್ಲಿ ಇಂಥದ್ದು ಸಿಗುವುದು ಬಹಳ ಅಪರೂಪ. ಆದರೆ ಮಹಾಲಿಂಗ, ಇದರಲ್ಲಿ ಇರಬೇಕಾದ್ದಕ್ಕಿಂತ ಸಾವಿರ ಪಾಲು ಹೆಚ್ಚು ಬೆಳ್ಳಿ ಉಂಟು. ಬೆರಕೆ ನೋಡಿದರೆ ಸಾಕ್ಷಾತ್ ನಮ್ಮ ಭೂಮಿಯ ಬೆಳ್ಳಿ, ಎಳ್ಳಷ್ಟೂ ವ್ಯತ್ಯಾಸ ಇಲ್ಲ. ಕಲ್ಲಿನದ್ದು ಅದರ ಅಡಿಯಲ್ಲಿ ಮುಳುಗಿಹೋಗಿದೆ. ಯಾರೋ ಬೆಳ್ಳಿ ತಾಗಿಸಿದ್ದಾರೆ. ಈ ತುಂಡು ಉಪಯೋಗಕ್ಕಿಲ್ಲ. ಬೇರೆ ಇದ್ದರೆ ನೋಡು. ಏಪ್ರಿಲಿನಲ್ಲಿ ಅಕ್ಕನ ಮನೆಗೆ ಮೂಡುಬಿದಿರೆಗೆ ಬರ್ತೇನೆ."

ಗೊತ್ತಾಯಿತು. ಆ ಹೊಳೆಯುವ ತಟ್ಟೆ! ಬೆಳ್ಳಿ ತಟ್ಟೆಯಲ್ಲಿ ಇಟ್ಟು ಪೂಜೆ ಮಾಡಿದ್ದಾರೆ, ದರಿದ್ರದವರು. ನಾಲ್ಕು ನೂರು ಕೋಟಿ ವರ್ಷ ಕೆಡದೆ ಇದ್ದದ್ದನ್ನು ಮೂರು ದಿನದಲ್ಲಿ ಕೆಡಿಸಿದರು. ನನ್ನ ಒಂದು ಸಾಲನ್ನು ಕೆಡಿಸಿದರು. ಬರುವ ಭಾನುವಾರ ಹೋಗಿ ವಿಚಾರಿಸುತ್ತೇನೆ.

೧೦-೩-೧೯೬೩, ಭಾನುವಾರ

ಲೋಕಯ್ಯನವರ ಅಂಗಳದಲ್ಲಿ ನಿಂತು ಬಾಯಿಗೆ ಬಂದಂತೆ ಬೈದೆ. ಅವರು ಎಲೆಅಡಿಕೆ ಜಗಿಯುತ್ತ ಕೇಳಿದರು. ಸೇಸಮ್ಮ ಗಲ್ಲಕ್ಕೆ ಕೈಯಿಟ್ಟು ನಗತೊಡಗಿದರು.

"ಬೆಳ್ಳಿ ತಟ್ಟೆಯಾ! ಈ ಮನೆಯಲ್ಲಿ ಬೆಳ್ಳಿ ಅಂತ ಇರುವುದು ನನ್ನ ತಲೆ ಮಾತ್ರ ಮಾಸ್ಟ್ರೇ."

ಲೋಕಯ್ಯ ತಟ್ಟೆ ತಂದು ನನ್ನ ಕೈಗೇ ಕೊಟ್ಟರು. ಮೂಡುಬಿದಿರೆ ಪೇಟೆಯ ಅಲ್ಯೂಮಿನಿಯಂ ತಟ್ಟೆ, ತಿಕ್ಕಿ ತಿಕ್ಕಿ ಹೊಳೆಯಿಸಿದ್ದು. ಹಾಗಾದರೆ ಬೆಳ್ಳಿ ಎಲ್ಲಿಂದ ಬಂತು?

ಬೇರೆ ತುಂಡಾದರೂ ಕೊಡಿ ಎಂದೆ. ತುಳಸಿಕಟ್ಟೆಯ ಬುಡ ತೋರಿಸಿದರು. ದಿನವೂ ಎಳನೀರು ಹೊಯ್ದು ಹೊಯ್ದು ಕಲ್ಲು ಪೂರ್ತಿ ಕರಿ ಕೆಸರಾಗಿ, ಕೆಸರೂ ಒಣಗಿತ್ತು. ಅದನ್ನು ಜ್ವರ ಬಂದ ಮಕ್ಕಳ ಹಣೆಗೆ ಹಚ್ಚುತ್ತಾರಂತೆ. ಮಕ್ಕಳು ಗುಣವಾಗಿದ್ದಾವಂತೆ!

ಹೊರಡುವಾಗ ಲೋಕಯ್ಯ ಅಂದರು: "ಗುಡ್ಡೆ ಮೇಲಿನ ತುಕ್ರಪ್ಪನ ಹತ್ತಿರ ಒಂದು ಉಂಟಲ್ಲ. ಅದನ್ನು ನೀವು ಇದ್ದಿಲು ಅಂದದ್ದಂತೆ?"

ಕೇಳಿಸದವನ ಹಾಗೆ ಬಸ್ಸಿಗೆ ನಡೆದೆ.

೧೧-೩-೧೯೬೩, ಸೋಮವಾರ

ಶಾಲೆ ಬಿಟ್ಟ ಮೇಲೆ ಐದನೇ ಕಪಾಟು ತೆರೆದೆ. ಕಂದು ಬಾಟ್ಲಿ ಎರಡೇ ಇದ್ದವು. ಶುಕೂರ್ ತನ್ನ ಸಾಮಾನಿನ ಪಟ್ಟಿಯ ಪುಸ್ತಕ ತಂದ. ಅವನದೇ ವಕ್ರ ಅಕ್ಷರ: ಐದನೇ ಕಪಾಟು, ಕಂದು ಬಾಟ್ಲಿ ಮೂರು, ಕೈ ಕಪ್ಪಾಗುವ ಔಷಧ.

"ಮೂರಿತ್ತು ಸರ್. ಒಂದು ಬೊಂಬಾಯಿಗೆ ಹೋಯ್ತು."

ಉಳಿದದ್ದರಲ್ಲಿ ಒಂದಕ್ಕೆ ಉಪ್ಪುನೀರು ಹನಿಸಿದೆ. ಹಾಲು ಒಡೆದ ಹಾಗೆ ಬಿಳಿ ಗಸಿ ಬಿತ್ತು. ಸಿಲ್ವರ್ ನೈಟ್ರೇಟ್. ಬೆಳ್ಳಿಯ ದ್ರಾವಣ. ಹನ್ನೊಂದು ವರ್ಷದಿಂದ ಎಸ್ಸೆಸ್ಸೆಲ್ಸಿಯವರಿಂದ ಇದೇ ಪ್ರಯೋಗ ಮಾಡಿಸುತ್ತಿದ್ದೇನೆ. ನೀರಿನಲ್ಲಿ ಉಪ್ಪಿದ್ದರೆ ಬಿಳಿ ಗಸಿ ಬರುತ್ತದೆ, ಕೈಗೆ ತಾಗಿದರೆ ಚರ್ಮ ಕಪ್ಪಾಗುತ್ತದೆ. ಬರೆಸುತ್ತೇನೆ, ತಿದ್ದುತ್ತೇನೆ, ತಪ್ಪಿದರೆ ಬೆತ್ತ ತೆಗೆಯುತ್ತೇನೆ.

ಬಯ್ಯಲು ಬಾಯಿ ತೆರೆದೆ. ಶುಕೂರ್ ಬೈಸಿಕೊಳ್ಳಲು ತಯಾರಾಗಿ ನಿಂತ. ಯಾರನ್ನು ಬಯ್ಯಬೇಕೆಂದೇ ತಿಳಿಯಲಿಲ್ಲ.

"ಚೀಟಿ ಅಂಟಿಸು" ಎಂದೆ. "ನಿನ್ನ ಅಕ್ಷರದಲ್ಲೇ ಬರೆ. ನೀನು ಬರೆದದ್ದು ಸರಿಯಿದೆ."

೧೩-೩-೧೯೬೩

ತಲೆನೋವು. ರಜೆ.

೧೭-೩-೧೯೬೩, ಭಾನುವಾರ

ತುಕ್ರಪ್ಪನ ಮನೆಗೆ ಹೋಗಿ ಬಂದೆ. ಗುಡ್ಡೆ ಹತ್ತುವಾಗ ಚಪ್ಪಲಿಯ ಬಾರು ಕಿತ್ತಿತು. ಇಂಥ ಜಾಗದಲ್ಲಿ ಮನೆ ಕಟ್ಟುವವರಿಗೆ ಬುದ್ಧಿ ಇರುವುದಿಲ್ಲ.

ಜಗಲಿಯ ಮಾಡಿನಿಂದ ಒಂದು ಉಂಡೆ ತೂಗುತ್ತಿತ್ತು. ಒಂದು ಮುಟ್ಟಾಳೆ, ಅದರ ಮೇಲೆ ಇನ್ನೊಂದು ಮುಟ್ಟಾಳೆ ಕವುಚಿ, ಬಾಳೆನಾರಿನಿಂದ ಬಿಗಿದು ಕಟ್ಟಿದ್ದ. ಅವನ ಹೆಂಡತಿ ಪೂವಮ್ಮ ಚಾಪೆ ಹಾಸಿ ಬೆಲ್ಲ ನೀರು ತಂದಿಟ್ಟಳು. ಬಾಯಾರಿತ್ತು, ಕುಡಿದೆ. ಮನೆಯಲ್ಲಿ ಹೇಳಿಲ್ಲ.

"ಇದ್ದಿಲನ್ನು ಯಾಕೆ ಇಟ್ಟುಕೊಂಡೆ?" ಎಂದು ಕೇಳಿದೆ.

"ಯಾವ ಒಲೆಯದ್ದು ಅಂತ ನೀವು ಹೇಳ್ಲಿಲ್ಲ ಅಲ್ವಾ? ಯಾರಾದ್ರೂ ಗೊತ್ತಿದ್ದವರು ಬಂದಾಗ ಕೇಳುವ ಅಂತ ಇಟ್ಟೆ."

"ಮುಟ್ಟಿದ್ದೀಯಾ?"

"ಇಲ್ಲ. ಇವಳಿಗೂ ಮುಟ್ಲಿಕ್ಕೆ ಬಿಡ್ಲಿಲ್ಲ. ಏನೂಂತ ಗೊತ್ತಾಗಲಿಲ್ಲವಲ್ಲ ಇನ್ನೂ."

ಅದು ನನಗೆ ಬೇಕು ಎಂದೆ. ಬೊಂಬಾಯಿಯಲ್ಲಿ ಪರೀಕ್ಷೆ ಮಾಡಿಸಬೇಕು, ಕೈ ತಾಗಿದರೂ ಹಾಳಾಗುವ ವಸ್ತು, ಇತ್ಯಾದಿ. ಅವನು ಸಾವಕಾಶ ಎಲೆಗೆ ಸುಣ್ಣ ಹಚ್ಚಿದ.

"ಕೊಡ್ತೇನೆ. ಮೊದಲು ನೀವು ಒಂದು ಹೇಳಿ. ಇದು ಇದ್ದಿಲು ಹೌದಾ, ಅಲ್ವಾ?"

"ಅಲ್ಲ."

"ಹಾಗಾದ್ರೆ ಅವತ್ತು ಹೌದು ಅಂದದ್ದು?"

ಪೂವಮ್ಮ ಒಳಬಾಗಿಲಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅಂದು ಕೋಣೆಯಲ್ಲಿ ನಕ್ಕದ್ದನ್ನು ಅವನು ಅವಳಿಗೆ ಹೇಳಿರಬೇಕು. "ಅವತ್ತು ನಾನು ಸರಿಯಾಗಿ ನೋಡಲಿಲ್ಲ" ಎಂದೆ. ಈ ವಾಕ್ಯ ಹೇಳಲು ಗುಡ್ಡೆ ಹತ್ತಿದ್ದಕ್ಕಿಂತ ಹೆಚ್ಚು ಏದುಸಿರು ಬಂತು.

"ಅಷ್ಟೇ ಅಲ್ವಾ" ಎಂದ ತುಕ್ರಪ್ಪ. "ಆದ್ರೆ ನಿಮ್ಮ ಕೈಗೆ ಕೊಡುವುದಿಲ್ಲ, ಬೇಸರ ಮಾಡ್ಬೇಡಿ. ಕೈ ತಾಗಿದ್ರೆ ಹಾಳಾಗ್ತದೆ ಅಂತ ನೀವೇ ಹೇಳಿದ್ರಿ. ನಾನೇ ಹಿಡ್ಕೊಂಡು ಬರ್ತೇನೆ."

ನನ್ನ ಬೆರಳುಗಳ ಕಲೆ ಹೋಗಿ ಒಂದು ತಿಂಗಳಾಯಿತು. ಆದರೂ ಕೈಯನ್ನು ಜುಬ್ಬದ ಕಿಸೆಗೆ ಹಾಕಿಕೊಂಡೆ.

೨೧-೪-೧೯೬೩, ಭಾನುವಾರ

ಮೂಡುಬಿದಿರೆ. ಬಸ್ಸಿನಲ್ಲಿ ತುಕ್ರಪ್ಪ ಆ ಉಂಡೆಯನ್ನು ಹಸುಗೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡ. ಕಂಡಕ್ಟರ್ ಅದನ್ನು ಮೇಲೆ ಇಡಲು ಹೇಳಿದ. ಅವನಿಗೆ ನಾನು ಚೆನ್ನಾಗಿ ಬಿಡಿಸಿ ಹೇಳಿದೆ. ಆಮೇಲೆ ಅವನು ನಮ್ಮ ಸೀಟಿನ ಕಡೆ ಸುಳಿಯಲಿಲ್ಲ.

ವೆಂಕಟೇಶ್ವರ ಅಕ್ಕ ಸುಬ್ಬಮ್ಮನವರ ಚಾವಡಿಯಲ್ಲಿ ಟೆರಿಲಿನ್ ಅಂಗಿ ಹಾಕಿ ಕುಳಿತಿದ್ದ. ತಲೆ ಬೋಳಾಗಿದೆ. ನೋಡಿ ಸಂತೋಷವಾಯಿತು. "ಬಾಟ್ಲಿ ತೊಳೆದವರು ಬಂದ್ರು!" ಎಂದು ಒಳಗೆ ಕೇಳುವ ಹಾಗೆ ಕೂಗಿದ. ನಾನು ನಡೆದದ್ದನ್ನು ಕಾಗದದಲ್ಲಿ ಬರೆದು ತಿಳಿಸಿದ್ದೆ, ಯಾಕೆ ತಿಳಿಸಿದೆನೋ.

ಅವನು ರಬ್ಬರ್ ಕೈಗವಸು ಹಾಕಿ ಬಾಳೆನಾರು ಬಿಚ್ಚಿದ. ನೋಡಿದ, ಮೂಸಿದ. ಒಂದು ಕಣ ಧೂಳಿಲ್ಲ, ಒಂದು ನೀರಹನಿ ತಾಗಿಲ್ಲ. ಹೊಸ ಹಾಳೆ, ಒಣ ಹಾಳೆ, ಲೋಹದ ಸೋಂಕಿಲ್ಲ. ಬೊಂಬಾಯಿಯಲ್ಲೂ ಇಷ್ಟು ಚೆನ್ನಾಗಿ ಇಡಲಾಗುತ್ತಿರಲಿಲ್ಲ ಎಂದ.

"ಇದು ಯಾವ ಒಲೆಯದ್ದು?" ತುಕ್ರಪ್ಪ ಕೇಳಿದ. ನಾಲ್ಕೂವರೆ ತಿಂಗಳಿಂದ ಇಟ್ಟುಕೊಂಡ ಪ್ರಶ್ನೆ.

ವೆಂಕಟೇಶ್ವರ ನನ್ನ ಕಡೆ ನೋಡಿದ. "ಇವನಿಗೆ ನೀನು ಹೇಳಿಕೊಟ್ಟದ್ದಾ?"

"ಇಲ್ಲ" ಎಂದೆ. "ನಾನು ನಕ್ಕೆ ಅಷ್ಟೇ."

"ಅದನ್ನೇ ನಾವೂ ಹುಡುಕ್ತಾ ಇರುವುದು ಮಾರಾಯ್ರೆ" ಎಂದು ಅವನು ತುಕ್ರಪ್ಪನಿಗೆ ಹೇಳಿದ. "ಒಂದೇ ಒಲೆಯದ್ದಾ, ಹತ್ತು ಒಲೆಯದ್ದಾ ಅಂತ." ತುಕ್ರಪ್ಪ ತಲೆಯಾಡಿಸಿ ನೆಮ್ಮದಿಯಿಂದ ಕಾಫಿ ಕುಡಿದ. ಇಷ್ಟು ಸಣ್ಣ ಉತ್ತರಕ್ಕೆ ಅಷ್ಟು ನೆಮ್ಮದಿ!

ಫಾರಮು ಬಂತು. ವೆಂಕಟೇಶ್ವರ ನನ್ನನ್ನು ಬದಿಗೆ ಕರೆದ. "ನಿನ್ನ ಹೆಸರೇ ಹಾಕು. ಅವನಿಗೆ ಇದೆಲ್ಲ ಯಾಕೆ? ನೀನು ತಂದದ್ದು ಸುಳ್ಳಲ್ಲವಲ್ಲ. ನನಗೆ ನಿನ್ನ ಕಷ್ಟ ಗೊತ್ತಿಲ್ವಾ?"

ಅವನ ಕರುಣೆ ನೋಡಿ ಮೈ ಉರಿಯಿತು. ನನ್ನ ಪುಸ್ತಕ ನೋಡಿ ಬರೆದುಕೊಂಡವನು ಈಗ ಇನ್ನೊಬ್ಬನದನ್ನು ನೋಡಿ ಬರೆದುಕೋ ಎಂದು ನನಗೆ ಹೇಳುತ್ತಾನೆ. ಪೆನ್ನು ತೆಗೆದು ಬರೆದೆ. ಸಂಗ್ರಹಿಸಿದವರು: ತುಕ್ರಪ್ಪ. ಇಟ್ಟ ಪಾತ್ರೆ ಎನ್ನುವಲ್ಲಿ ತಡವಾಯಿತು. ಮುಟ್ಟಾಳೆಗೆ ಇಂಗ್ಲಿಷಿನಲ್ಲಿ ಶಬ್ದವಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹಾಗೇ ಬರೆದೆ.

ವೆಂಕಟೇಶ್ವರ ಓದಿ ಬಿದ್ದು ಬಿದ್ದು ನಕ್ಕ. "ಮುಟ್ಟಾಳ ಅಂತ ಓದುತ್ತಾರೆ ಮಾರಾಯ!"

"ಓದಲಿ. ಹೇಗೂ ಒಬ್ಬ ಇದ್ದ" ಎಂದೆ.

೨-೨-೧೯೬೪, ಭಾನುವಾರ

ನೋಣಯ್ಯ ನಿನ್ನೆ ದಪ್ಪ ಲಕೋಟೆ ತಂದ. ಅಚ್ಚಾದ ವರದಿ, ಎಂಟು ಪುಟ.

ಫಲಿತಾಂಶ ಏನೂ ದೊಡ್ಡದಲ್ಲ. ಬೆಳ್ಳಿಯ ಬೆರಕೆ ನಮ್ಮದಕ್ಕಿಂತ ಸ್ವಲ್ಪ ಆಚೆ ಇರುವಂತೆ ಕಂಡಿದೆ, ಆದರೆ ಯಂತ್ರದ ತಪ್ಪೂ ಅಷ್ಟೇ ಇದೆ, ಆಣೆ ಮಾಡಿ ಹೇಳುವ ಹಾಗಿಲ್ಲ, ಇನ್ನೂ ಒಳ್ಳೆಯ ಯಂತ್ರ ಬರಬೇಕು. ಎಂಟು ಪುಟ ಬರೆದದ್ದು ಇದಕ್ಕೆ. ಮೂರನೇ ಪುಟದಲ್ಲಿ ತುಕ್ರಪ್ಪನ ಹೆಸರು, ಅವನ ಮುಟ್ಟಾಳೆ, ಅದೇನೆಂದು ಎರಡು ಸಾಲು ವಿವರಣೆ. ಅದೇ ಪುಟದ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ: ಮಹಾಲಿಂಗೇಶ್ವರ ಎಂಬವರು ಕಳುಹಿಸಿದ ಮೊದಲ ತುಂಡು ಬಾಟ್ಲಿಯ ಬೆಳ್ಳಿಯಿಂದ ಕೆಟ್ಟದ್ದರಿಂದ ಕೈಬಿಡಲಾಯಿತು.

ಒಂದು ಸಾಲು ಬೇಕಿತ್ತು. ಸರಿಯಾಗಿ ಒಂದೇ ಸಾಲು ಬಂದಿದೆ. ಶಂಕರಿಗೆ ತೋರಿಸಿದೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಹೆಸರನ್ನು ಮಾತ್ರ ಗುರುತಿಸಿ ದೇವರ ಮುಂದೆ ಇಟ್ಟಳು. ಇಡಲಿ ಎಂದು ಸುಮ್ಮನಿದ್ದೆ. ಆಮೇಲೆ ತಡೆಯಲಾಗದೆ ಕರೆದು ಅರ್ಥ ಹೇಳಿದೆ. ಅವಳು ತೆಗೆಯಲಿಲ್ಲ. "ಸುಳ್ಳು ಬರ್ದದ್ದಲ್ವಲ್ಲ" ಎಂದಳು.

ಇವತ್ತು ಅದನ್ನು ತೆಗೆದುಕೊಂಡು ಗುಡ್ಡೆ ಹತ್ತಿದೆ. ಜಗಲಿಯಲ್ಲಿ ಕುಳಿತು ತುಕ್ರಪ್ಪನಿಗೂ ಪೂವಮ್ಮನಿಗೂ ಮೂರನೇ ಪುಟವನ್ನು ತುಳುವಿನಲ್ಲಿ ಹೇಳಿದೆ. ಅವನು ತನ್ನ ಹೆಸರಿನ ಮೇಲೆ ಬೆರಳು ಇಡಲು ಹೋಗಿ ನಿಲ್ಲಿಸಿದ. "ಮುಟ್ಬಹುದಾ?"

"ಮುಟ್ಟು."

ಮುಟ್ಟಿದ. ಆಮೇಲೆ ಅಡಿಯ ಸಣ್ಣ ಅಕ್ಷರ ತೋರಿಸಿ, "ಇಲ್ಲಿ ಏನು ಉಂಟು?" ಎಂದ.

"ಅದು ನನ್ನ ಹೆಸರು."

"ಓ, ನಿಮ್ಮದೂ ಉಂಟಲ್ಲ! ಏನು ಬರ್ದಿದ್ದಾರೆ?"

"ಬಾಟ್ಲಿ ಸರಿಯಾಗಿ ತೊಳೆಯಲಿಲ್ಲ ಅಂತ."

ತುಕ್ರಪ್ಪ ವರದಿಯನ್ನು ಮಡಚಿ ನನ್ನ ಕೈಗೆ ಕೊಟ್ಟ. "ಹೋಗ್ಲಿ ಬಿಡಿ ಮಾಸ್ಟ್ರೇ. ಇನ್ನೊಂದು ಬೀಳ್ಲಿ. ಆಗ ಬಾಟ್ಲಿ ಬೇಡ" ಎಂದು ಒಳಗೆ ಹೋಗಿ, ಮಾಡಿಗೆ ಸಿಕ್ಕಿಸಿದ್ದ ಹೊಸ ಮುಟ್ಟಾಳೆಯೊಂದನ್ನು ತಂದು ಕೊಟ್ಟ.

ಬಿಸಿಲು ಕೆಟ್ಟದಾಗಿತ್ತು. ಕೈಯಲ್ಲಿ ಹಿಡಿದುಕೊಂಡರೆ ಅಂಚು ಮುರಿಯುತ್ತದೆ ಎಂದು ತಲೆಗೇ ಹಾಕಿಕೊಂಡು ಬಂದೆ. ಬಸ್ಸಿನಲ್ಲಿ ನನ್ನ ಶಾಲೆಯವೇ ನಾಲ್ಕು ಹಿಂದಿನ ಸೀಟಿನಲ್ಲಿ ಕುಳಿತು ಬೆಳ್ತಂಗಡಿಯವರೆಗೂ ನಕ್ಕವು. ಮುಟ್ಟಾಳರು.